ಮಗು ಶಾಲೆಗೆ ಹೋಯಿತು, ಆಟ ನಿಂತಿತು

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಲೈಫ್ ಸಿಮ್ಯುಲೇಶನ್ ಆಟಗಳ ಬಗ್ಗೆ ಬರೆದಿದ್ದೆ. ಅಂದರೆ ಒಂದು ಮನೆ, ಒಂದು ಸಂಸಾರ, ಒಂದು ಪುಟ್ಟ ಊರನ್ನು ಪರದೆಯ ಮೇಲೆ ನಡೆಸುವ ಆಟಗಳು. ಮಕ್ಕಳ ಪಾತ್ರಗಳ ಬಗ್ಗೆ ಅದರಲ್ಲಿ ಒಂದೇ ಸಾಲು ಇತ್ತು: ‘ಮಗು ದೊಡ್ಡದಾಗುವ ತನಕ ಸ್ವಲ್ಪ ಬೇಸರ.’ ಬಂದ ಪತ್ರಗಳಲ್ಲಿ ಮುಕ್ಕಾಲು ಭಾಗ ಆ ಸಾಲನ್ನೇ ಹಿಡಿದುಕೊಂಡು ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅದೇ ಮಾತು.

ಮೇಡಂ, ನಾನು 3 ವರ್ಷದಿಂದ ದಿ ಸಿಮ್ಸ್ 4 ಆಡುತ್ತಿದ್ದೇನೆ. ಒಂದೇ ಮನೆತನದ ನಾಲ್ಕನೇ ತಲೆಮಾರು ಈಗ ನಡೆಯುತ್ತಿದೆ. ಮಗು ಹುಟ್ಟಿದಾಗ ಖುಷಿ, ಅಂಬೆಗಾಲಿಟ್ಟಾಗ ಇನ್ನೂ ಖುಷಿ. ಶಾಲೆಗೆ ಹೋಗುವ ವಯಸ್ಸು ಬಂತು ಅಂದರೆ ಮುಂದೆ ಏನು ಮಾಡಬೇಕು ಅಂತಲೇ ತೋಚುವುದಿಲ್ಲ. ಕೇಕ್ ತರಿಸಿ, ಮೇಣದಬತ್ತಿ ಊದಿಸಿ, ಬೇಗ ಟೀನೇಜಿಗೆ ದಾಟಿಸಿಬಿಡುತ್ತೇನೆ. ನಾನು ಸರಿಯಾಗಿ ಆಡುತ್ತಿಲ್ವಾ, ಆಟವೇ ಹೀಗಾ?
— ಓದುಗರು, ದಾವಣಗೆರೆ

ಆಟವೇ ಹೀಗೆ. ನೀವು ಸರಿಯಾಗಿಯೇ ಆಡುತ್ತಿದ್ದೀರಿ.

ನಿಮ್ಮ ಮನೆಯ ಆ ಹುಡುಗಿಯ ಒಂದು ದಿನ ನೆನಪು ಮಾಡಿಕೊಳ್ಳಿ. ಎದ್ದಳು, ತಿಂಡಿ ತಿಂದಳು, 8 ಗಂಟೆಗೆ ಶಾಲೆಗೆ ಹೊರಟಳು. ಹೊರಟಳು ಅಂದರೆ ಪರದೆಯಿಂದ ಮಾಯವಾದಳು. ಮಧ್ಯಾಹ್ನ 3ರ ತನಕ ಅವಳು ಎಲ್ಲಿಯೂ ಇಲ್ಲ. ಕಷ್ಟಪಟ್ಟು ಓದಲಿ, ಹೊಸ ಗೆಳೆಯರನ್ನು ಮಾಡಿಕೊಳ್ಳಲಿ, ಸುಮ್ನೆ ಹೊತ್ತು ಕಳೆಯಲಿ ಅಂತ ಒಂದು ಪಟ್ಟಿಯಿಂದ ಆರಿಸಬಹುದು, ನಿಮ್ಮ ಕೈಯಲ್ಲಿರುವುದು ಅಷ್ಟೇ. ಆಡುವವರು ಇದಕ್ಕೆ ‘ರ‍್ಯಾಬಿಟ್ ಹೋಲ್’ ಅಂತ ಹೆಸರಿಟ್ಟಿದ್ದಾರೆ, ಮೊಲದ ಬಿಲ. ಒಳಗೆ ಹೋಗುವುದು ಕಾಣುತ್ತದೆ, ಹೊರಗೆ ಬರುವುದು ಕಾಣುತ್ತದೆ. ನಡುವೆ ಪಕ್ಕದಲ್ಲಿ ಕೂತವರು ಯಾರು, ಯಾರ ಜೊತೆ ಜಗಳವಾಯಿತು, ಟೀಚರ್ ಏನಂದರು, ಒಂದೂ ಇಲ್ಲ. ಬಂದ ಮೇಲೆ ಹೋಂವರ್ಕ್. ಆಮೇಲೆ ಊಟ, ಸ್ನಾನ, ನಿದ್ದೆ. ಬೆಳೆಸಿಕೊಳ್ಳಲು ಮಕ್ಕಳದೇ ಆದ 4 ಕೌಶಲಗಳಿವೆ, ಗುರಿಗಳು ಅಂತ ಶುರುವಿನಲ್ಲಿ ಇದ್ದದ್ದೂ ನಾಲ್ಕೇ. ನಾಲ್ಕನೇ ತಲೆಮಾರಿಗೆ ಬಂದ ನಿಮಗೆ ಅದೆಲ್ಲ ಬಾಯಿಪಾಠ ಆಗಿರುತ್ತದೆ.

ಈ ಸರಣಿಯಲ್ಲಿ ಮಕ್ಕಳ ಕತೆ ಮೊದಲಿನಿಂದಲೂ ಏರುಪೇರು. 2000ದಲ್ಲಿ ಬಂದ ಮೊದಲ ಸಿಮ್ಸ್‌ನಲ್ಲಿ ಮಗು 3 ದಿನ ತೊಟ್ಟಿಲಲ್ಲಿ ಇರುತ್ತಿತ್ತು, ಆಮೇಲೆ ಹುಡುಗನೋ ಹುಡುಗಿಯೋ ಆಗುತ್ತಿತ್ತು. ಮುಂದೆ ಎಷ್ಟು ವರ್ಷ ಆಡಿದರೂ ಅಷ್ಟೇ ವಯಸ್ಸು, ಬೆಳೆಯುವುದೇ ಇಲ್ಲ. ಓದಿನಲ್ಲಿ ತೀರಾ ಹಿಂದೆ ಬಿದ್ದರೆ ಮಿಲಿಟರಿ ಶಾಲೆಗೆ ಕಳಿಸಿಬಿಡುತ್ತಿದ್ದರು, ವಾಪಸ್ ಬರುತ್ತಿರಲಿಲ್ಲ! 2004ರಲ್ಲಿ ಸಿಮ್ಸ್ 2 ಬಂದಾಗ ಮೊದಲ ಸಲ ಮಕ್ಕಳು ನಿಜವಾಗಿ ಬೆಳೆದರು. ನಾನು ಅದನ್ನು ಆಡಿದ್ದು ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ, ಸರದಿ ಪ್ರಕಾರ. ಅದರಲ್ಲಿ ಪ್ರತಿಯೊಬ್ಬರಿಗೂ ನೆನಪುಗಳ ಒಂದು ಪಟ್ಟಿ ಇತ್ತು. ಅಪ್ಪ ನಡೆಯಲು ಕಲಿಸಿದ್ದು ಆ ಪಟ್ಟಿಯಲ್ಲಿ ಕೂತುಬಿಡುತ್ತಿತ್ತು. ಮಗ ದೊಡ್ಡವನಾಗಿ, ಮುದುಕನೂ ಆಗಿ, ಕೊನೆಗೆ ಅವನ ಪಟ್ಟಿ ತೆರೆದರೆ ಅದು ಇನ್ನೂ ಅಲ್ಲೇ ಇರುತ್ತಿತ್ತು. ಅವತ್ತು ನಾನು ಸುಮಾರು ಹೊತ್ತು ಆ ಪಟ್ಟಿಯನ್ನೇ ನೋಡುತ್ತಾ ಕೂತಿದ್ದೆ. ಬಾಲ್ಯಕ್ಕೆ ಆಟದಲ್ಲಿ ಒಂದು ತೂಕ ಇತ್ತು ಅನ್ನುವುದಕ್ಕೆ ಇದನ್ನು ಹೇಳಿದೆ.

2009ರ ಸಿಮ್ಸ್ 3ಕ್ಕೆ 2011ರಲ್ಲಿ ಜನರೇಶನ್ಸ್ ಅನ್ನುವ ಹೆಚ್ಚುವರಿ ಪ್ಯಾಕ್ ಬಂತು. ಮರದ ಮೇಲಿನ ಮನೆ, ವೇಷ ಹಾಕುವ ಪೆಟ್ಟಿಗೆ, ಕೀಟಲೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಮಗುವಿಗೆ ಮಾತ್ರ ಜೀವಂತವಾಗಿ ಕಾಣುವ ಒಬ್ಬ ಕಾಲ್ಪನಿಕ ಗೆಳೆಯ. ಮಿಕ್ಕವರ ಕಣ್ಣಿಗೆ ಅದು ಬರೀ ಗೊಂಬೆ. ಮಗುವಿನ ಕಣ್ಣಿನಿಂದ ನೋಡಿ ಮಾಡಿದ ಕೆಲಸ ಅಂದರೆ ಅದು.

ಆಮೇಲೆ 2014ರ ಸೆಪ್ಟೆಂಬರಿನಲ್ಲಿ ಸಿಮ್ಸ್ 4 ಬಂತು, ಪುಟಾಣಿಗಳೇ, ಅಂದರೆ ಆಗಷ್ಟೇ ನಡೆಯಲು ಕಲಿಯುವ ಮಕ್ಕಳೇ, ಇಲ್ಲದೆ. ತೊಟ್ಟಿಲ ಕೂಸು ನೇರವಾಗಿ ಶಾಲೆಯ ಮಗುವಾಗುತ್ತಿತ್ತು. ಜನ ಗಲಾಟೆ ಮಾಡಿದರು. 2017ರ ಜನವರಿಯಲ್ಲಿ ಪುಟಾಣಿಗಳು ಬಂದವು, 2023ರ ಮಾರ್ಚಿನಲ್ಲಿ ಅಂಬೆಗಾಲಿಡುವ ಕೂಸುಗಳು. 2022ರಲ್ಲಿ ಹೈಸ್ಕೂಲ್ ಇಯರ್ಸ್ ಪ್ಯಾಕಿನಲ್ಲಿ ಟೀನೇಜಿನವರಿಗೆ ನಾವೂ ಜೊತೆಗೆ ಹೋಗಬಹುದಾದ ಶಾಲೆ ಸಿಕ್ಕಿತು. ಅಕ್ಕ ಶಾಲೆಗೆ ಹೊರಟರೆ ನಾವು ಅವಳ ಹಿಂದೆಯೇ ತರಗತಿಯೊಳಗೆ ಹೋಗುತ್ತೇವೆ, ಅದೇ ಹೊತ್ತಿಗೆ ಅದೇ ಮನೆಯಿಂದ ಹೊರಟ ತಮ್ಮ ಮಾತ್ರ ಈಗಲೂ ಮೊಲದ ಬಿಲಕ್ಕೆ. ಕೆಳಗಿನವರಿಗೂ ಸಿಕ್ಕಿತು, ಮೇಲಿನವರಿಗೂ ಸಿಕ್ಕಿತು, ನಡುವಿನ ಮಗುವಿಗೆ ಅಳಿದುಳಿದದ್ದು. ಮೂರು ಮಕ್ಕಳ ಮನೆಯಲ್ಲಿ ನಡುವೆ ಹುಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಯಾಕೆ ಹೀಗೆ ಅನ್ನುವುದಕ್ಕೆ ನನಗೆ ತೋರುವ ದೊಡ್ಡ ಕಾರಣ ಬೇರೆಯೇ ಇದೆ. ಸಿಮ್ಸ್ ಮಾಡಿದ ವಿಲ್ ರೈಟ್ ಅವರ ಮನೆ 1991ರಲ್ಲಿ ಅಮೆರಿಕದ ಓಕ್‌ಲ್ಯಾಂಡಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಮನೆಯನ್ನೂ ಒಂದೊಂದೇ ಸಾಮಾನನ್ನೂ ಮತ್ತೆ ಕೂಡಿಸಿಕೊಳ್ಳುವಾಗ ಈ ಆಟದ ಯೋಚನೆ ಬೆಳೆಯಿತು. ಆದ್ದರಿಂದ ಆಟದ ಜೀವ ಇರುವುದು ಸಾಮಾನಿನಲ್ಲಿ. ಫ್ರಿಜ್ ‘ನಾನು ಹಸಿವು ತೀರಿಸುತ್ತೇನೆ’ ಅಂತ ಸುತ್ತಲಿನವರಿಗೆ ಹೇಳುತ್ತಿರುತ್ತದೆ, ಹಾಸಿಗೆ ‘ನಾನು ದಣಿವು ಆರಿಸುತ್ತೇನೆ’ ಅನ್ನುತ್ತದೆ, ಪಾತ್ರಗಳು ತಮಗೆ ಬೇಕಾದ ಕಡೆ ಹೋಗುತ್ತವೆ. ದೊಡ್ಡವರಿಗೆ ಇದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ದೊಡ್ಡವರು ಕುರ್ಚಿಯನ್ನು ಕೂರುವುದಕ್ಕೇ ಬಳಸುತ್ತಾರೆ. ಮಗು ಹಾಗೆ ಮಾಡುತ್ತದಾ? ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ಸು ಮಾಡುತ್ತದೆ. ಅಮ್ಮನ ಸೀರೆ ಮಂಚಕ್ಕೆ ಕಟ್ಟಿದರೆ ಡೇರೆ. ಪಾತ್ರೆ ಕವುಚಿದರೆ ತಮಟೆ. ಆಟದ ಕುರ್ಚಿಗೆ ತಾನು ಬಸ್ಸಾಗಬಹುದು ಅಂತ ಗೊತ್ತೇ ಇಲ್ಲ. ಹಾಗಾಗಿ ಮನೆ ತುಂಬ ಸಾಮಾನಿದ್ದರೂ ಆ ಹುಡುಗಿಗೆ ಮಾಡಲು ಏನೂ ಇರುವುದಿಲ್ಲ. ಮಕ್ಕಳಿಗೆ ಅಂತ ಆಟಿಕೆಗಳನ್ನು ಬೇರೆಯಾಗಿ ಕೊಡುತ್ತಾರೆ, ಅವನ್ನೂ ಆಟದ ದುಡ್ಡು ಕೊಟ್ಟು ತರಬೇಕು.

ಮುಂದಿನ ಸಲ ಕೇಕ್ ತರುವ ಮುಂಚೆ ಒಂದು ಪ್ರಯೋಗ ಮಾಡಿ ನೋಡಿ. ದೊಡ್ಡವರನ್ನೆಲ್ಲ ಅವರ ಪಾಡಿಗೆ ಬಿಟ್ಟು, ಒಂದು ವಾರ ಬರೀ ಆ ಹುಡುಗಿಯನ್ನು ಮಾತ್ರ ಆಡಿಸಿ. ಅಪ್ಪ ಅಮ್ಮ ಏನು ಮಾಡುತ್ತಾರೋ ಅದು ಅವಳಿಗೆ ಹವಾಮಾನ ಇದ್ದ ಹಾಗೆ, ತಡೆಯಲು ಆಗುವುದಿಲ್ಲ, ಅದರ ನಡುವೆಯೇ ಅವಳು ಬದುಕಬೇಕು. ನಾನು ಹೀಗೆ ಆಡಿದಾಗ ಆಟ ಸ್ವಲ್ಪ ಬೇರೆಯೇ ಅನ್ನಿಸಿತು.

ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ನನ್ನ ಮಗಳಿಗೆ ಈಗ ಆಟದ ಲೆಕ್ಕದಲ್ಲಿ 6 ವರ್ಷ. ಇನ್ನೂ ಪುಟಾಣಿಯಾಗೇ ಓಡಾಡುತ್ತಿದ್ದಾಳೆ. ಯಾವಾಗ ಬೆಳೆಯುತ್ತಾಳೆ?
— ಓದುಗರು, ತುಮಕೂರು

ಬೆಳೆಯುವುದಿಲ್ಲ. ಅಲ್ಲಿಗೇ ನಿಲ್ಲುತ್ತಾಳೆ. 2016ರಲ್ಲಿ ಬಂದ ಈ ಬೇಸಾಯದ ಆಟವನ್ನು ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದರು, ಒಬ್ಬರ ಕೈಯಲ್ಲಿ ಅಷ್ಟು ಆದದ್ದೇ ದೊಡ್ಡದು ಅಂತ ನಾನು ಒಪ್ಪುತ್ತೇನೆ. ಆದರೂ ನೋವಾಗುವ ಒಂದು ವಿಷಯ ಇದೆ. ಮಗು ಬೇಡ ಅನ್ನಿಸಿದರೆ ಮಾಟಗಾತಿಯ ಗುಡಿಸಲಿಗೆ ಹೋಗಿ ಅದನ್ನು ಪಾರಿವಾಳ ಮಾಡಿ ಹಾರಿಸಿಬಿಡಬಹುದು. ಮಗುವನ್ನು ಕಳಿಸಿಬಿಡಲು ಒಂದು ದಾರಿ ಇದೆ, ಮಗುವಿನ ಜೊತೆ ಗದ್ದೆಗೆ ಹೋಗಲು ದಾರಿ ಇಲ್ಲ. ಊರಿನ ಮಕ್ಕಳಾದ ಜ್ಯಾಸ್ ಮತ್ತು ವಿನ್ಸೆಂಟ್ ಅವರಿಗೆ ಪೆನ್ನಿ ಪಾಠ ಹೇಳುತ್ತಾಳಲ್ಲ, ಆ ಗುಂಪಿಗೆ ನಿಮ್ಮ ಮಗಳೂ ಸೇರಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಬೆಳೆಯುವ ಮಗುವೇ ಬೇಕು ಅಂದರೆ ಜಪಾನಿನ ಎ ವಂಡರ್‌ಫುಲ್ ಲೈಫ್ ಆಡಿ. 2003ರ ಆಟ, 2023ರಲ್ಲಿ ಹೊಸದಾಗಿ ಮಾಡಿ ಬಿಟ್ಟಿದ್ದಾರೆ. ಅಲ್ಲೂ ಹೊಲ, ಹಸು, ಮದುವೆ ಎಲ್ಲ ಇದೆ. ಆದರೆ ಮಗು ಅಧ್ಯಾಯದಿಂದ ಅಧ್ಯಾಯಕ್ಕೆ ಬೆಳೆಯುತ್ತದೆ. ನೀವು ಯಾವ ಆಟಿಕೆ ಕೊಟ್ಟಿರಿ, ಊರಿನಲ್ಲಿ ಯಾರ ಹತ್ತಿರ ಕರೆದುಕೊಂಡು ಹೋದಿರಿ ಅನ್ನುವುದರ ಮೇಲೆ ಅದು ರೈತನಾಗುತ್ತದೋ, ಕಲಾವಿದನಾಗುತ್ತದೋ, ಓದಿನ ಕಡೆ ಹೋಗುತ್ತದೋ ಅನ್ನುವುದು ನಿಂತಿದೆ.

ಸರ್/ಮೇಡಂ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಗೆಳೆಯರೆಲ್ಲ ಸೇರಿ ಒಂದು ಸಣ್ಣ ಗೇಮ್ ಮಾಡುತ್ತಿದ್ದೇವೆ, ಹಳ್ಳಿಯ ಒಂದು ಮನೆಯ ಕತೆ. ಮಕ್ಕಳ ಪಾತ್ರ ಬೇಕು ಅಂತ ನಾನು, ಬೇಡ ಕೆಲಸ ಮೂರು ಪಟ್ಟಾಗುತ್ತೆ ಅಂತ ಅವರು. ನಿಜಕ್ಕೂ ಅಷ್ಟು ಕಷ್ಟವಾ? ದೊಡ್ಡ ಕಂಪನಿಗಳೂ ಇದಕ್ಕೇ ಹಿಂಜರಿಯುತ್ತವಾ?
— ಓದುಗರು, ಹುಬ್ಬಳ್ಳಿ

ನಿಮ್ಮ ಗೆಳೆಯರ ಮಾತಿನಲ್ಲಿ ಸತ್ಯ ಇದೆ. ಲೆಕ್ಕ ಹಾಕಿ ನೋಡಿ. ದೊಡ್ಡವರು ಮಾತ್ರ ಇದ್ದರೆ ಅಪ್ಪುಗೆಯ ಅನಿಮೇಶನ್ ಒಂದು ಮಾಡಿದರೆ ಸಾಕು. ಮಗು ಬಂದರೆ ದೊಡ್ಡವರು–ದೊಡ್ಡವರು, ದೊಡ್ಡವರು–ಮಗು, ಮಗು–ಮಗು ಅಂತ 3 ಆಗುತ್ತದೆ. ಪುಟಾಣಿ ಸೇರಿದರೆ 6. ಅಂಬೆಗಾಲಿಡುವ ಕೂಸೂ ಬೇಕು ಅಂದರೆ 10. ಇದು ಅಪ್ಪುಗೆ ಒಂದಕ್ಕೆ. ಕೈಕುಲುಕುವುದು, ಜಗಳ, ಗುಟ್ಟು ಹೇಳುವುದು, ಪ್ರತಿಯೊಂದಕ್ಕೂ ಇದೇ ಗುಣಾಕಾರ. ಆಮೇಲೆ ಕುರ್ಚಿ ಹತ್ತುವ ರೀತಿ ಬೇರೆ, ಮೆಟ್ಟಿಲು ಇಳಿಯುವ ರೀತಿ ಬೇರೆ, ಬಟ್ಟೆ ಬೇರೆ, ಜಡೆ ಬೇರೆ. ಸಿಮ್ಸ್ 4ರಲ್ಲಿ ಟೀನೇಜಿನವರೂ ದೊಡ್ಡವರೂ ಒಂದೇ ಎತ್ತರ ಇರುವುದನ್ನು ಗಮನಿಸಿದ್ದೀರಾ? ಅಳತೆ ಒಂದೇ ಆದರೆ ಒಬ್ಬರಿಗೆ ಮಾಡಿದ ಚಲನೆ ಇನ್ನೊಬ್ಬರಿಗೂ ಆಗುತ್ತದೆ.

ದೊಡ್ಡ ಕಂಪನಿಗಳಿಗೆ ಭಯವೂ ಇದೆ. ಮಗುವಿನ ಪಾತ್ರಕ್ಕೆ ಏನು ಆಗಬಾರದು ಅನ್ನುವ ಪಟ್ಟಿ ಉದ್ದ, ಅದು ಉದ್ದ ಇರಲೇಬೇಕು. 2025ರ ಮಾರ್ಚಿನಲ್ಲಿ ಇನ್‌ಜೋಯ್ ಅನ್ನುವ ಕೊರಿಯಾದ ಆಟ ಬಂದ ಕೆಲವೇ ದಿನಗಳಲ್ಲಿ ಅದರಲ್ಲಿ ಮಕ್ಕಳ ಮೇಲೆ ಕಾರು ಹರಿಸಬಹುದು ಅನ್ನುವುದು ಬಯಲಾಯಿತು. ಅದು ಉದ್ದೇಶವಲ್ಲ, ದೋಷ ಅಂತ ಕಂಪನಿ ಹೇಳಿ ತಕ್ಷಣ ಸರಿಮಾಡಿತು. ಇಂಥದ್ದು ಒಂದು ಆದರೆ ಸಾಕು, ಮುಂದಿನ ಮೀಟಿಂಗಿನಲ್ಲಿ ‘ಮಕ್ಕಳನ್ನು ಸ್ವಲ್ಪ ಕಡಿಮೆ ಮಾಡೋಣ’ ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಇದು ನನ್ನ ಊಹೆ, ಆದರೆ ಮನುಷ್ಯರು ಎಲ್ಲ ಕಡೆ ಒಂದೇ ಅಲ್ವಾ.

ಆದರೆ ನೀವು ದೊಡ್ಡ ಕಂಪನಿಯ ದಾರಿಯಲ್ಲೇ ಯಾಕೆ ಹೋಗಬೇಕು? ಮಗುವಿನ ಪಾತ್ರ ಅಂದರೆ ದೊಡ್ಡವರ ಎಲ್ಲ ಕೆಲಸವನ್ನೂ ಚಿಕ್ಕ ದೇಹದಲ್ಲಿ ಮಾಡಿಸುವುದು ಅಂದುಕೊಂಡರೆ ಮೂರು ಪಟ್ಟು ಕೆಲಸ. ಈ ಆಟಗಳಲ್ಲಿ ನಾವು ಮಾಡುವುದಾದರೂ ಏನು? ದುಡಿಯುವುದು, ಕೊಳ್ಳುವುದು, ಕಟ್ಟುವುದು, ಪ್ರೀತಿಸುವುದು, ಮದುವೆಯಾಗುವುದು. ಇದರಲ್ಲಿ ಒಂದನ್ನೂ ಮಗು ಮಾಡುವ ಹಾಗಿಲ್ಲ. ಇವನ್ನೆಲ್ಲ ಕಳೆದ ಮೇಲೆ ಉಳಿದದ್ದನ್ನು ಮಗುವಿಗೆ ಕೊಡುತ್ತಾರೆ, ಅದಕ್ಕೇ ಮಗುವಿನ ಆಟ ಖಾಲಿ. ಕಳೆಯುವ ಬದಲು ಹೊಸದಾಗಿ ಶುರುಮಾಡಿ. ಮಗು ಮಾಡುವ ಕೆಲಸಗಳು ಯಾವುವು? ಅಡಗುವುದು. ಕದ್ದು ಕೇಳಿಸಿಕೊಳ್ಳುವುದು. ಕೂಡಿಡುವುದು. ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುವುದು. ಕಾಯುವುದು. ಆಟದ ನಿಯಮವನ್ನು ನಡುವೆಯೇ ಬದಲಾಯಿಸಿ ಜಗಳ ಮಾಡುವುದು. ಲಗೋರಿಯಲ್ಲಿ ಕಲ್ಲು ಬಿತ್ತೋ ಇಲ್ಲವೋ ಅಂತ ಆಗುವ ವಾದ ಇದೆಯಲ್ಲ, ಎಷ್ಟೋ ಸಲ ಆಟಕ್ಕಿಂತ ಅದೇ ಉದ್ದ ಇರುತ್ತದೆ. ಅದನ್ನು ಒಂದು ಆಟದಲ್ಲಿ ತಂದರೆ ಸಾಕು, ಅದಕ್ಕೆ ಹತ್ತು ತರದ ಅಪ್ಪುಗೆ ಬೇಕಾಗಿಲ್ಲ.

ಮನೆಯ ಹಿರಿಯರು ಜಗಲಿಯಲ್ಲಿ ಏನೋ ಮಾತಾಡುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಬಾಗಿಲ ಹಿಂದೆ ನಿಂತ ಹುಡುಗನಿಗೆ ಅರ್ಧ ಮಾತು ಮಾತ್ರ ಕೇಳುತ್ತದೆ. ಜಮೀನು ಮಾರುತ್ತಾರಾ, ಅಕ್ಕನ ಮದುವೆಯಾ, ಅಜ್ಜನಿಗೆ ಹುಷಾರಿಲ್ವಾ? ಅವನು ಊಹಿಸಬೇಕು. ದೊಡ್ಡವರ ಪಾತ್ರ ಆಡುವವರಿಗೆ ಈ ರುಚಿ ಸಿಗುವುದೇ ಇಲ್ಲ, ಏಕೆಂದರೆ ಅವರಿಗೆ ಎಲ್ಲ ಮೊದಲೇ ಗೊತ್ತಿರುತ್ತದೆ. ನಿಮ್ಮ ಗೇಮಿನಲ್ಲಿ ಇದೊಂದು ಸನ್ನಿವೇಶ ಮಾಡಿ ಗೆಳೆಯರಿಗೆ ತೋರಿಸಿ. ಆಮೇಲೆ ಬೇಡ ಅಂದರೆ ನನಗೆ ಬರೆಯಿರಿ.

ಐ ವಾಸ್ ಎ ಟೀನೇಜ್ ಎಕ್ಸೊಕಾಲನಿಸ್ಟ್ ಅನ್ನುವ 2022ರ ಆಟವನ್ನೂ ನೋಡಿ. ನಾರ್ತ್‌ವೇ ಗೇಮ್ಸ್ ಅನ್ನುವ ಪುಟ್ಟ ತಂಡದ್ದು. ಬೇರೆ ಗ್ರಹಕ್ಕೆ ವಲಸೆ ಹೋದ ಮಗುವಿನ 10ರಿಂದ 20 ವರ್ಷದ ಬದುಕು. ಅದರಲ್ಲಿ ನಿಮಗೆ ಆಗುವ ಅನುಭವಗಳು ನೆನಪಿನ ಇಸ್ಪೀಟು ಎಲೆಗಳಾಗುತ್ತವೆ, ಮುಂದೆ ಕಷ್ಟ ಬಂದಾಗ ಆ ಎಲೆಗಳನ್ನೇ ಇಟ್ಟು ಆಡಬೇಕು. ಚಿಕ್ಕಂದಿನಲ್ಲಿ ಏನಾಯಿತು ಅನ್ನುವುದು ದೊಡ್ಡವರಾದ ಮೇಲೂ ಕೈಯಲ್ಲಿ ಇರುತ್ತದೆ. ಚಿತ್ರಗಳು ಸರಳ, ಅನಿಮೇಶನ್ ಕಡಿಮೆ. ನಿಮ್ಮಂಥ ಸಣ್ಣ ತಂಡಕ್ಕೆ ಕಲಿಯಲು ಬಹಳ ಇದೆ.

ನಿಮ್ಮ ಪತ್ರಿಕೆ ಇದನ್ನೆಲ್ಲ ಯಾಕೆ ಇಷ್ಟು ದೊಡ್ಡದು ಮಾಡುತ್ತದೆ ತಿಳಿಯದು. ಈ ಆಟ ಆಡುವವರು ದೊಡ್ಡವರು. ದಿನವಿಡೀ ಕೆಲಸ ಮಾಡಿ ಬಂದವರಿಗೆ ಹೋಂವರ್ಕ್ ಮಾಡುವ ಮಗುವಾಗಲು ಯಾರಿಗೆ ಆಸೆ? ಮಕ್ಕಳ ಪಾತ್ರ ಇದ್ದರೆ ಕೆಟ್ಟ ಜನ ಅದನ್ನು ಕೆಟ್ಟದ್ದಕ್ಕೂ ಬಳಸುತ್ತಾರೆ. ಇಲ್ಲದೇ ಇರುವುದೇ ಕ್ಷೇಮ.
— ಓದುಗರು, ಮಂಗಳೂರು

ನಿಮ್ಮ ಎರಡನೇ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಅದು ಗಂಭೀರವಾದದ್ದು. ಮಕ್ಕಳ ಪಾತ್ರಗಳಿಗೆ ಬೇಲಿ ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಸಿಮ್ಸ್‌ನಲ್ಲಿ ಮಕ್ಕಳು ಮಾತ್ರ ಇರುವ ಮನೆ ಮಾಡಲು ಬಿಡುವುದಿಲ್ಲ, ಪ್ರಣಯದ ಮಾತು ಮಕ್ಕಳ ಹತ್ತಿರ ಸುಳಿಯುವುದೂ ಇಲ್ಲ. ಸರಿಯಾಗಿಯೇ ಇದೆ. ಆದರೆ ಬೇಲಿ ಹಾಕುವುದು ಒಳಗೆ ಹೂವು ಬೆಳೆಯಲಿ ಅಂತ. ಬೇಲಿ ಹಾಕಿ ಒಳಗೆ ಏನೂ ನೆಡದೆ ಬಿಟ್ಟರೆ ಅದು ಬರೀ ಮುಚ್ಚಿದ ಜಾಗ.

ಮೊದಲ ಮಾತಿಗೆ ಬಂದರೆ, ಹೋಂವರ್ಕ್ ಯಾರಿಗೂ ಬೇಡ, ನಿಜ. ಬಾಲ್ಯ ಅಂದರೆ ಹೋಂವರ್ಕ್ ಅಂತ ಹೇಳಿದ್ದು ಯಾರು? ಆಟ ಮಾಡಿದವರು ಹೇಳಿದ್ದು, ನಾವು ನಂಬಿಬಿಟ್ಟೆವು. ದಿನವಿಡೀ ದುಡಿದು ಬಂದು ಆಟದಲ್ಲಿ ಮತ್ತೆ ಕೆಲಸಕ್ಕೆ ಹೋಗಿ ಬಡ್ತಿ ತೆಗೆದುಕೊಳ್ಳುವವರು ಇದ್ದಾರೆ, ಪಾತ್ರೆ ತೊಳೆಯುವವರೂ ಇದ್ದಾರೆ, ಅದರಲ್ಲಿ ಅವರಿಗೆ ಸಂತೋಷವೂ ಇದೆ. ಅಂದಮೇಲೆ ಮಾವಿನ ಮರ ಹತ್ತುವುದರಲ್ಲಿ ಇರುವುದಿಲ್ವಾ?

ಇನ್ನೊಂದು ಮಾತು. ಈ ಆಟಗಳು ‘ಇದು ಬದುಕು’ ಅಂತ ಹೇಳಿಕೊಂಡು ಬರುತ್ತವೆ. ಬದುಕಿನ ಮೊದಲ ಹನ್ನೆರಡು ವರ್ಷವನ್ನು ಕಾಯುವ ಕೋಣೆ ಮಾಡಿದರೆ, ಮಗು ಅಂದರೆ ಇನ್ನೂ ಮನುಷ್ಯ ಆಗದ ಒಂದು ಜೀವ ಅಂತ ಹೇಳಿದ ಹಾಗೆ ಆಗುತ್ತದೆ. ನನಗೆ ಅದು ಸಣ್ಣ ವಿಷಯ ಅನ್ನಿಸುವುದಿಲ್ಲ. ನಮ್ಮ ಮನೆಗಳಲ್ಲೂ ‘ನೀನು ಸುಮ್ಮನಿರು, ಚಿಕ್ಕವನು’ ಅನ್ನುವುದನ್ನು ಎಷ್ಟು ಸಲ ಕೇಳಿಲ್ಲ? ಆಟದಲ್ಲಾದರೂ ಆ ಚಿಕ್ಕವನ ಜಾಗದಲ್ಲಿ ನಿಂತು ನೋಡಲು ಅವಕಾಶ ಇರಲಿ ಅನ್ನುವುದು ನನ್ನ ಆಸೆ. ನೀವು ಒಪ್ಪದಿದ್ದರೂ ಪತ್ರ ಬರೆದಿರಿ, ಥ್ಯಾಂಕ್ಸ್.

ಫೋನಿನಲ್ಲಿ ಬಿಟ್‌ಲೈಫ್ ಆಡುತ್ತೇನೆ. 18ರ ತನಕ ಸುಮ್ನೆ ‘ಏಜ್’ ಬಟನ್ ಒತ್ತುತ್ತಾ ಹೋಗುತ್ತೇನೆ. ಹಾಗೇ ಮಾಡಬೇಕಾ?
— ಓದುಗರು, ರಾಯಚೂರು

ಮಾಡಲೇಬೇಕು ಅಂತಿಲ್ಲ, ಆದರೆ ಹೆಚ್ಚಿನವರು ಮಾಡುವುದು ಹಾಗೇ. 2018ರಲ್ಲಿ ಬಂದ ಆಟ ಅದು, ಒಂದು ಸಲ ಒತ್ತಿದರೆ ಒಂದು ವರ್ಷ ಮುಂದೆ. ಮೊದಲ ವರ್ಷಗಳಲ್ಲಿ ಅಪ್ಪ ಅಮ್ಮನ ಜೊತೆ ಮಾತು, ಶಾಲೆ, ಆಗಾಗ ಒಂದು ಪ್ರಶ್ನೆ, ಅದಕ್ಕಿಂತ ಜಾಸ್ತಿ ಕೈಗೆ ಏನೂ ಸಿಗುವುದಿಲ್ಲ. ನಿಮಗೆ ಆಶ್ಚರ್ಯವಾಗಬಹುದು, ಬರೀ ಅಕ್ಷರದಲ್ಲಿ ನಡೆಯುವ ಇಂಥದ್ದೇ ಆಟ 1986ರಲ್ಲೇ ಬಂದಿತ್ತು. ಆಲ್ಟರ್ ಈಗೊ ಅಂತ ಹೆಸರು, ಮಾಡಿದ್ದು ಪೀಟರ್ ಫವಾರೊ ಅನ್ನುವ ಮನಶ್ಶಾಸ್ತ್ರಜ್ಞ, ಹೊರತಂದಿದ್ದು ಆಕ್ಟಿವಿಷನ್. ಅದು ಹುಟ್ಟಿನಿಂದ ಶುರುವಾಗಿ ಶೈಶವ, ಬಾಲ್ಯ, ಹದಿಹರೆಯ ಅಂತ ಒಂದೊಂದು ಹಂತದಲ್ಲೂ ನಿಲ್ಲುತ್ತದೆ. ಕೂಸಾಗಿದ್ದಾಗ ಅಳಬೇಕಾ ಬೇಡವಾ ಅನ್ನುವುದೂ ಅಲ್ಲಿ ಒಂದು ತೀರ್ಮಾನ. ಮಗುವಿನ ಮನಸ್ಸು ತಿಳಿದವರು ಕೂತು ಬರೆದರೆ ಬಾಲ್ಯ ಖಾಲಿ ಇರುವುದಿಲ್ಲ, ಅದಕ್ಕೆ ಚಿತ್ರವೂ ಬೇಡ, ದೊಡ್ಡ ಕಂಪ್ಯೂಟರೂ ಬೇಡ.

ನನ್ನ ಮಗಳಿಗೆ 9 ವರ್ಷ. ಅವಳ ಚಿಕ್ಕಮ್ಮನ ಲ್ಯಾಪ್‌ಟಾಪಿನಲ್ಲಿ ಸಿಮ್ಸ್ 4 ಆಡುತ್ತಾಳೆ. ಯಾವಾಗಲೂ ತನ್ನ ವಯಸ್ಸಿನ ಹುಡುಗಿಯನ್ನೇ ಮಾಡುತ್ತಾಳೆ. ಆ ಹುಡುಗಿ ಶಾಲೆಗೆ ಹೋದ ಕೂಡಲೇ ಇವಳು ತಾನೇ ಜೋರಾಗಿ ಕತೆ ಹೇಳಲು ಶುರು ಮಾಡುತ್ತಾಳೆ, ಅವತ್ತು ಕ್ಲಾಸಿನಲ್ಲಿ ಏನೇನಾಯಿತು ಅಂತ. ಹೀಗೆ ಒಬ್ಬಳೇ ಮಾತಾಡುವುದು ಸರೀನಾ? ಅವಳಿಗೆ ಆ ಹೆಚ್ಚುವರಿ ಪ್ಯಾಕ್‌ಗಳನ್ನು ಕೊಡಿಸಬೇಕಾ?
— ಒಬ್ಬ ತಾಯಿ, ಮೈಸೂರು

ನಿಮ್ಮ ಪತ್ರ ಓದಿ ತುಂಬ ಹೊತ್ತು ಖುಷಿಯಲ್ಲಿದ್ದೆ. ಒಬ್ಬಳೇ ಕತೆ ಹೇಳಿಕೊಳ್ಳುವುದರಲ್ಲಿ ಚಿಂತೆ ಪಡುವಂಥದ್ದು ನನಗೆ ಏನೂ ಕಾಣುವುದಿಲ್ಲ. 8ರಿಂದ 3ರ ತನಕ ಆಟ ಬಿಟ್ಟ ಖಾಲಿ ಜಾಗವನ್ನು ಅವಳು ತುಂಬುತ್ತಿದ್ದಾಳೆ. ಹತ್ತಿರ ಕೂತು ಕೇಳಿಸಿಕೊಳ್ಳಿ, ಆದರೆ ತಿದ್ದಬೇಡಿ. ಅವಳ ಶಾಲೆಯ ನಿಜವಾದ ಸಂಗತಿಗಳೂ ಅದರಲ್ಲಿ ಬಂದುಬಿಡಬಹುದು.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಅಮೆರಿಕದ ರೇಟಿಂಗ್ ಪ್ರಕಾರ ಸಿಮ್ಸ್ 4 ಟೀನೇಜಿನವರಿಗೆ, ಅಂದರೆ 13 ದಾಟಿದವರಿಗೆ. ಯುರೋಪಿನಲ್ಲಿ 12. ಹಾಗಾಗಿ ಒಬ್ಬಳನ್ನೇ ಬಿಡುವುದಕ್ಕಿಂತ ಚಿಕ್ಕಮ್ಮ ಪಕ್ಕದಲ್ಲಿ ಇರಲಿ. ಮೋಡ್‌ಗಳು ಅಂತ ಆಡುವವರೇ ಮಾಡಿ ಹಂಚುವ ತುಣುಕುಗಳಿವೆ, ಶಾಲೆಯನ್ನು ಪರದೆಯ ಮೇಲೆ ತರುವಂಥವೂ ಇವೆ, ಅವನ್ನು ಅವಳೇ ಡೌನ್‌ಲೋಡ್ ಮಾಡುವುದು ಬೇಡ.

ಪ್ಯಾಕ್ ವಿಷಯಕ್ಕೆ ಬಂದರೆ, ಮೂಲ ಆಟ 2022ರ ಅಕ್ಟೋಬರಿನಿಂದ ಉಚಿತ. ಮಕ್ಕಳಿಗೆ ಹತ್ತಿರವಾದದ್ದೆಲ್ಲ ಹೆಚ್ಚಾಗಿ ದುಡ್ಡಿನ ಪ್ಯಾಕ್‌ಗಳಲ್ಲಿದೆ, ಇದು ನನಗೆ ಬೇಸರದ ವಿಷಯ. ಒಂದೇ ಕೊಡಿಸುವುದಾದರೆ 2023ರ ಗ್ರೋಯಿಂಗ್ ಟುಗೆದರ್ ನೋಡಿ. ಹಲ್ಲು ಬೀಳುವುದು, ಗೆಳತಿಯ ಮನೆಯಲ್ಲಿ ರಾತ್ರಿ ಉಳಿಯುವುದು, ಮರದ ಮನೆ, ಎಲ್ಲ ಅದರಲ್ಲಿದೆ. 2017ರ ಪೇರೆಂಟ್‌ಹುಡ್‌ನಲ್ಲಿ ಶಾಲೆಯ ಪ್ರಾಜೆಕ್ಟನ್ನು ಅಪ್ಪ ಅಮ್ಮ ಸೇರಿ ಮಾಡಬಹುದು, ಆದರೆ ಹೆಸರೇ ಹೇಳುವ ಹಾಗೆ ಅದು ತಂದೆ ತಾಯಿಯ ಆಟ, ಮಗು ಅಲ್ಲಿ ತಿದ್ದಿಸಿಕೊಳ್ಳುವ ವಸ್ತು. ಯಾವುದನ್ನೇ ಆಗಲಿ ಪೂರ್ತಿ ಬೆಲೆಗೆ ಕೊಳ್ಳಬೇಡಿ. ಆಗಾಗ ರಿಯಾಯಿತಿ ಬರುತ್ತದೆ, ಕಾಯಿರಿ.

ಅದಕ್ಕಿಂತ ಮೊದಲು ದುಡ್ಡಿಲ್ಲದ ಒಂದು ಉಪಾಯ. ಮೂಲ ಆಟದಲ್ಲೇ ಖಾಲಿ ಸೈಟಿನಲ್ಲಿ ಒಂದು ಶಾಲೆ ಕಟ್ಟಲು ಅವಳಿಗೆ ಹೇಳಿ. ಡೆಸ್ಕು, ಮಕ್ಕಳ ಚಿತ್ರದ ಮೇಜು, ಹೊರಗೆ ಆಟದ ಅಂಗಳ. ಶನಿವಾರ ಭಾನುವಾರ ಪಾತ್ರಗಳನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ ಪಾಠ ನಡೆಸಲಿ. ಟೀಚರ್ ಯಾರಾಗಬೇಕು ಅನ್ನುವುದು ಅವಳಿಗೇ ಬಿಟ್ಟದ್ದು.

ಇನ್‌ಜೋಯ್‌ನಲ್ಲಿ ಮಕ್ಕಳು ಹೇಗೆ? ಕೊಳ್ಳಬಹುದಾ?
— ಓದುಗರು, ಬೆಂಗಳೂರು

ಮಕ್ಕಳಿಗೋಸ್ಕರ ಅಂತಾದರೆ ಈಗಲೇ ಬೇಡ. ನೋಡಲು ಬಹಳ ಚೆಂದ, ಬಟ್ಟೆ, ಮನೆ, ಬೀದಿ ಎಲ್ಲ ಕಣ್ಣು ತುಂಬುತ್ತದೆ. ಆದರೆ ಅದು ಅರ್ಲಿ ಆಕ್ಸೆಸ್, ಅಂದರೆ ಇನ್ನೂ ಮಾಡುತ್ತಲೇ ಇರುವ ಆಟ, ಬಂದಾಗ ಮಕ್ಕಳ ಹಂತ ಬಹಳ ತೆಳುವಾಗಿತ್ತು. ಮಾಡಿದ ಕ್ರಾಫ್ಟನ್ ಕಂಪನಿಯ ಭಾರತದ ಕಚೇರಿ ನಿಮ್ಮ ಬೆಂಗಳೂರಿನಲ್ಲೇ ಇದೆ, ಬಿಜಿಎಂಐ ಅನ್ನುವ ಫೋನಿನ ಶೂಟಿಂಗ್ ಆಟ ನಡೆಸುವವರು ಅವರೇ. ಆಡುವವರು ಏನು ಬೇಕು ಅಂತ ಹೇಳುವುದಾದರೆ, ಆಟ ಇನ್ನೂ ಹಸಿ ಇರುವಾಗಲೇ ಹೇಳಬೇಕು.

ಆಂಟಿ, ನನಗೆ 11 ವರ್ಷ. ಎಲ್ಲ ಗೇಮಿನಲ್ಲೂ ಹೀರೋ ದೊಡ್ಡವರೇ ಯಾಕೆ? ನಾನು ರಜೆಯಲ್ಲಿ ಅಜ್ಜಿ ಮನೆಗೆ ಹೋಗುತ್ತೇನೆ. ಅಲ್ಲಿ ಮನೆ ಹಿಂದೆ ಹಳ್ಳ ಇದೆ. ಅಂಥ ಗೇಮ್ ಇದೆಯಾ?
— ಶಿರಸಿಯಿಂದ, ಪೆನ್ಸಿಲಿನಲ್ಲಿ ಬರೆದ ಪತ್ರ

ಇದೆ ಪುಟ್ಟಾ! ಜಪಾನಿನಲ್ಲಿ 2000ದಲ್ಲೇ ಒಂದು ಬಂದಿತ್ತು, ಬೊಕು ನೊ ನತ್ಸುಯಸುಮಿ ಅಂತ. ‘ನನ್ನ ಬೇಸಿಗೆ ರಜೆ’ ಅಂತ ಅರ್ಥ. ಅದರಲ್ಲಿ ಹೀರೋಗೆ 9 ವರ್ಷ. ಅವನ ಅಮ್ಮನಿಗೆ ಇನ್ನೊಂದು ಪಾಪು ಆಗುವುದಿದೆ, ಅದಕ್ಕೆ 1975ರ ಆಗಸ್ಟ್ ತಿಂಗಳು ಪೂರ್ತಿ ಅವನನ್ನು ಹಳ್ಳಿಯಲ್ಲಿ ಚಿಕ್ಕಮ್ಮನ ಮನೆಗೆ ಕಳಿಸುತ್ತಾರೆ. 31 ದಿನ. ಗೆಲ್ಲಬೇಕು ಅಂತ ಏನೂ ಇಲ್ಲ. ಬಲೆ ಹಿಡಿದು ಹುಳ ಹಿಡಿಯಬಹುದು, ಜೀರುಂಡೆಗಳಿಗೆ ಕುಸ್ತಿ ಆಡಿಸಬಹುದು, ಮೀನು ಹಿಡಿಯಬಹುದು. ದಿನದ ಕೊನೆಗೆ ಅವನ ಡೈರಿಯಲ್ಲಿ ಅವತ್ತಿನ ಚಿತ್ರ ಬರುತ್ತದೆ.

ಆ ಆಟ ಜಪಾನೀ ಭಾಷೆಯಲ್ಲಿ ಮಾತ್ರ ಇದೆ. ಆದರೆ ಅದನ್ನು ಮಾಡಿದ ಕಝ್ ಅಯಾಬೆ ಅವರೇ ಆಮೇಲೆ ಇಂಗ್ಲಿಷಿನಲ್ಲೂ ಸಿಗುವ ಎರಡು ಆಟ ಮಾಡಿದ್ದಾರೆ. ಒಂದರಲ್ಲಿ ನಿನಗೆ ಗೊತ್ತಿರುವ ಶಿನ್‌ಚಾನ್ ಇದ್ದಾನೆ, ಅವನ ಅಮ್ಮನ ತವರಿನ ಕಡೆಯ ಊರಿಗೆ ರಜೆಗೆ ಹೋಗುತ್ತಾನೆ, ಅಲ್ಲಿ ಡೈನೋಸಾರ್ ಕೂಡ ಬರುತ್ತದೆ. ಇನ್ನೊಂದು ನತ್ಸು-ಮೊನ್. ಅದರಲ್ಲಿ ಸರ್ಕಸ್ ಮನೆಯ 10 ವರ್ಷದ ಹುಡುಗ ಸತೋರು, ಕಾಲ 1999. ಗೋಡೆ, ಮರ, ಮಾಳಿಗೆ, ಎಲ್ಲದರ ಮೇಲೂ ಹತ್ತಬಹುದು. ಎರಡೂ ಸ್ವಿಚ್ ಅನ್ನುವ ಗೇಮ್ ಯಂತ್ರದಲ್ಲಿ ಮತ್ತು ಕಂಪ್ಯೂಟರಿನಲ್ಲಿ ಸಿಗುತ್ತವೆ. ಮನೆಯಲ್ಲಿ ಕೇಳಿ, ಅವರು ಒಪ್ಪಿದರೆ ಒಂದು ತರಿಸಿಕೊ.

ಈಗ ನನಗೆ ಒಂದು ಪ್ರಶ್ನೆ ಇದೆ. ಮುಂದಿನ ಪತ್ರದಲ್ಲಿ ಉತ್ತರ ಬರಿ. ನಿಮ್ಮ ಅಜ್ಜಿ ಮನೆ ಹಿಂದಿನ ಹಳ್ಳದಲ್ಲಿ ಏಡಿ ಸಿಗುತ್ತವಾ? ಹೇಗೆ ಹಿಡಿಯುತ್ತೀಯ?